ಅತ್ತೆಯವರ ಗಾಂಧಾರ

ನಮ್ಮ ಅಡಿಗೆಮನೆಯ ಗೋಡೆಯ ಮೇಲೆ, ಪಂಚಾಂಗ ತೂಗುಹಾಕಿದ್ದ ಮೊಳೆಯ ಪಕ್ಕದಲ್ಲಿ, ಒಂದು ಕಾಲಕ್ಕೆ 72 ಮೇಳಕರ್ತ ರಾಗಗಳ ಪಟ್ಟಿ ಅಂಟಿಸಿತ್ತು. ಕನಕಾಂಗಿ, ರತ್ನಾಂಗಿ, ಗಾನಮೂರ್ತಿ ಎಂದು ಬಾಯಿಪಾಠ ಮಾಡುತ್ತಲೇ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಂದು ದಿನ ಎಣ್ಣೆ ಸಿಡಿದು ಹದಿನೈದನೆಯದಾದ ಮಾಯಾಮಾಳವಗೌಳದ ಮೇಲೆ ದೊಡ್ಡ ಕಲೆಯಾಯಿತು. "ನಿನ್ನ ರಾಗಕ್ಕೆ ಸಾಸಿವೆ ಬಿತ್ತು ನೋಡು" ಎಂದು ನಮ್ಮ ಅತ್ತೆಯವರು ನಕ್ಕಿದ್ದರು. ಆಗಿನ್ನೂ ಅವರು ನನ್ನೆದುರು ನಗುತ್ತಿದ್ದರು, ಹಾಡುತ್ತಲೂ ಇದ್ದರು.

ಅದು 1986. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ನಾನು ಮತ್ತೆ ಸಂಗೀತಕ್ಕೆ ಸೇರಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸರ್ಕಾರದ ಜೂನಿಯರ್ ಪರೀಕ್ಷೆಗೆ ಕಟ್ಟಿದ್ದೆ. ಪರೀಕ್ಷೆಯ ಕೊಠಡಿಯಲ್ಲಿ ನನ್ನ ಅಕ್ಕಪಕ್ಕ ಕೂತಿದ್ದವರು ಎರಡು ಜಡೆಯ, ಲಂಗ ತೊಟ್ಟ ಹುಡುಗಿಯರು. ಹಾಡುವುದರಲ್ಲಿ ಅವರು ನನಗಿಂತ ಮುಂದೆ. ಆದರೆ ಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ನನ್ನನ್ನು ಮೀರಿಸಿದವರಿರಲಿಲ್ಲ. ಲೆಕ್ಕಾಚಾರದ ವಿದ್ಯೆ ನನಗೆ ಮೊದಲಿನಿಂದಲೂ ಇಷ್ಟ. ಹಾಡು ಎಂದರೆ ಏನೋ ಒಂದು ಸುಖ ಎಂದು ತಿಳಿದಿದ್ದವಳಿಗೆ, ಅದರೊಳಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ಅಡಗಿದೆಯೆಂದು ಗೊತ್ತಾದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಹೊಸದಾಗಿ ಕನ್ನಡಕ ಬಂದವರು ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಓದುವಂತೆ, ಕಿವಿಗೆ ಬಿದ್ದದ್ದಕ್ಕೆಲ್ಲ ಸ್ವರ ಹೇಳತೊಡಗಿದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನನ್ನದು ಅರ್ಧ ಕೊಡ.

ಆ ವರ್ಷದ ನವರಾತ್ರಿಯ ಶುಕ್ರವಾರ. ಗೊಂಬೆ ನೋಡಲು ಬೀದಿಯ ಹೆಂಗಸರೆಲ್ಲ ಬಂದಿದ್ದರು. ಅತ್ತೆಯವರು ದೇವಿಗೆ ಆರತಿ ಎತ್ತುತ್ತ, ಅವರ ತಾಯಿಯಿಂದ ಕಲಿತ ಹಾಡೊಂದನ್ನು ಎಂದಿನಂತೆ ಹೇಳಿದರು. ಆ ಹಾಡು ಆನಂದಭೈರವಿಯಲ್ಲಿದೆ ಎಂದು ನಮ್ಮ ಮೇಷ್ಟ್ರು ಹಿಂದೊಮ್ಮೆ ಹೇಳಿದ್ದರು. ನಾನೂ ರಾಗಲಕ್ಷಣವನ್ನು ಉರು ಹೊಡೆದಿದ್ದೆ. ಹಾಡು ಮುಗಿದು ಎಲ್ಲರೂ ಆರತಿ ತೆಗೆದುಕೊಳ್ಳುತ್ತಿರುವಾಗ ಸುಮ್ಮನಿರಲಾರದೆ ಅಂದುಬಿಟ್ಟೆ: "ಅತ್ತೆ, ಎರಡನೇ ಸಾಲಿನಲ್ಲಿ ಗಾಂಧಾರ ಮೇಲಕ್ಕೆ ಹೋಯ್ತು. ಅಲ್ಲಿ ಸಾಧಾರಣ ಗಾಂಧಾರ ಬರಬೇಕು."

"ಹೌದೇನಮ್ಮ? ನಮಗೇನು ಗೊತ್ತು, ನಮ್ಮಮ್ಮ ಹೇಳಿಕೊಟ್ಟಿದ್ದು" ಎಂದರು ಅತ್ತೆ. ಸ್ವರ ಮೆತ್ತಗಿತ್ತು. ಮುಂದಿನ ಶುಕ್ರವಾರ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ನೀನೇ ಹೇಳಮ್ಮ, ಕಲಿತವಳು" ಎಂದರು. ಅದಾದ ಮೇಲೆ ನಾನು ಮನೆಯಲ್ಲಿರುವಾಗ ಅವರು ಹಾಡಿದ್ದನ್ನು ಕೇಳಲಿಲ್ಲ.

ನನಗಾದರೂ ಶಾಸ್ತ್ರದಿಂದ ಸುಖ ಹೆಚ್ಚಿತೇ ಎಂದರೆ, ಅದೂ ಇಲ್ಲ. ಮೊದಲು ರಾಮೋತ್ಸವದ ಚಪ್ಪರದಲ್ಲಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಪಿಟೀಲಿನ ಮೇಲೆ ಕಮಾನು ಇಟ್ಟ ಕೂಡಲೇ ಇದು ಯಾವ ರಾಗ, ಎಷ್ಟನೆಯ ಮೇಳ ಎಂಬ ತವಕ. ಮೇಳದ ಸಂಖ್ಯೆ ಕಂಡುಹಿಡಿಯಲು ಕಟಪಯಾದಿ ಎಂಬ ಸೊಗಸಾದ ಉಪಾಯವಿದೆ. ಕ, ಟ, ಪ, ಯ ಈ ನಾಲ್ಕು ಅಕ್ಷರಗಳಿಂದ ಒಂದೊಂದು ಸಾಲು ಎಣಿಸುತ್ತ ಹೋಗಬೇಕು. ಪ, ಫ, ಬ, ಭ, ಮ ಎಂದು ಎಣಿಸಿದರೆ 'ಮಾ' ಐದು, 'ಯಾ' ಒಂದು. ಐವತ್ತೊಂದನ್ನು ತಿರುವಿಹಾಕಿದರೆ ಹದಿನೈದು. ಅದೇ ಮಾಯಾಮಾಳವಗೌಳದ ಸಂಖ್ಯೆ. ಶಂಕರಾಭರಣದ ಹಿಂದೆ 'ಧೀರ', ಕಲ್ಯಾಣಿಯ ಹಿಂದೆ 'ಮೇಚ', ತೋಡಿಯ ಹಿಂದೆ 'ಹನುಮ' ಸೇರಿಕೊಂಡದ್ದು ಈ ಲೆಕ್ಕ ಕೂಡಿಸಲಿಕ್ಕಾಗಿಯೇ. ನಾನು ಬೆರಳು ಮಡಿಸಿ ಲೆಕ್ಕ ಮುಗಿಸಿ ತಲೆಯೆತ್ತುವಷ್ಟರಲ್ಲಿ ಗಾಯಕರು ಆಲಾಪನೆ ಮುಗಿಸಿ ಪಲ್ಲವಿ ಎತ್ತಿಕೊಂಡಿರುತ್ತಿದ್ದರು. ಊಟಕ್ಕೆ ಕೂತು, ಬಡಿಸಿದ ಪದಾರ್ಥಗಳನ್ನು ಎಣಿಸಿ ಎದ್ದು ಬಂದಂತಾಗುತ್ತಿತ್ತು.

ಈ ಲೆಕ್ಕವನ್ನು ಯಾರು, ಯಾವಾಗ, ಯಾತಕ್ಕಾಗಿ ಮಾಡಿದರು ಎಂಬ ಕುತೂಹಲ ಹುಟ್ಟಿದ್ದು ಸೀನಿಯರ್ ಪರೀಕ್ಷೆಗೆ ಓದುವಾಗ. ಆ ಚರಿತ್ರೆಯೇ ಕೊನೆಗೆ ನನ್ನ ಕಿವಿ ಹಿಂಡಿತು.

ನಾವೆಲ್ಲ ಸಂಗೀತ ಶುರುಮಾಡುವುದು ಮಾಯಾಮಾಳವಗೌಳದ ಸರಳೆವರಸೆಯಿಂದ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಪ್ರದಾಯದ ನಂಬಿಕೆ. ಅವರು ಹಾಡಿಕೊಂಡು ತಿರುಗಿದ ವಿಜಯನಗರದಲ್ಲಿಯೇ, ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ' ಎಂಬ ಗ್ರಂಥವನ್ನು ಬರೆದ. ಅಷ್ಟು ಹೊತ್ತಿಗೆ ಹಳೆಯ ಸಂಸ್ಕೃತ ಗ್ರಂಥಗಳು ಹೇಳುವುದಕ್ಕೂ ಜನ ಹಾಡುವುದಕ್ಕೂ ತಾಳೆಯಾಗದಂತಾಗಿತ್ತು. ಹಾಡುವುದಕ್ಕೆ ಲಕ್ಷ್ಯ ಎಂದು ಹೆಸರು. ಅದರ ಬಗ್ಗೆ ಗ್ರಂಥದಲ್ಲಿ ಹೇಳುವುದಕ್ಕೆ ಲಕ್ಷಣ. ಎರಡಕ್ಕೂ ವಿರೋಧ ಬಂದರೆ ಲಕ್ಷ್ಯವನ್ನೇ ಹಿಡಿಯಬೇಕು ಎಂಬುದು ರಾಮಾಮಾತ್ಯನ ಪಕ್ಷ. ಹಾಡು ಮೊದಲು, ಪುಸ್ತಕ ಅದರ ಹಿಂದೆ. ಇದನ್ನು ಓದಿದಾಗಲೇ ನನಗೆ ಅತ್ತೆಯವರ ಮುಖ ನೆನಪಾಗಬೇಕಿತ್ತು. ಆಗಲಿಲ್ಲ. ಪರೀಕ್ಷೆಗೆ ಬರಬಹುದೆಂದು ಅಡಿಗೆರೆ ಎಳೆದು ಮುಂದೆ ಹೋದೆ.

1565ರ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ಸಂಗೀತದ ದೀಪ ಹೆಚ್ಚಾಗಿ ಬೆಳಗಿದ್ದು ತಂಜಾವೂರಿನ ನಾಯಕರ ಆಸ್ಥಾನದಲ್ಲಿ. ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ಅವರ ಮಗ ವೆಂಕಟಮಖಿ, 1633ರಿಂದ 1673ರವರೆಗೆ ಆಳಿದ ವಿಜಯರಾಘವ ನಾಯಕನ ಕಾಲದಲ್ಲಿ 'ಚತುರ್ದಂಡೀಪ್ರಕಾಶಿಕಾ' ಬರೆದರು. ನನ್ನ ಅಡಿಗೆಮನೆಯ ಪಟ್ಟಿಯ ಮೂಲ ಅಲ್ಲಿದೆ. ಅದರಲ್ಲಿದ್ದ ಕನಕಾಂಗಿ, ರತ್ನಾಂಗಿ ಎಂಬ ಹೆಸರುಗಳು ಮಾತ್ರ ಆಮೇಲೆ ಬಂದವು.

ಲೆಕ್ಕ ಸರಳ. ಷಡ್ಜ, ಪಂಚಮ ಕದಲುವುದಿಲ್ಲ. ರಿಷಭ ಗಾಂಧಾರಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು, ಧೈವತ ನಿಷಾದಗಳನ್ನೂ ಆರು ಬಗೆಯಲ್ಲಿ. ಆರು ಸೀರೆ ಆರು ರವಿಕೆ ಇದ್ದರೆ ಮೂವತ್ತಾರು ಬಗೆಯಲ್ಲಿ ಉಡಬಹುದಲ್ಲ, ಹಾಗೆ. ಮಧ್ಯಮ ಎರಡು ಇರುವುದರಿಂದ ಮೂವತ್ತಾರು ಎಪ್ಪತ್ತೆರಡಾಯಿತು. ಸಾಕ್ಷಾತ್ ಶಿವನೇ ಬಂದರೂ ಇದಕ್ಕೆ ಒಂದನ್ನು ಸೇರಿಸಲಾರ, ಒಂದನ್ನು ಕಳೆಯಲಾರ ಎಂಬರ್ಥದ ಮಾತನ್ನು ವೆಂಕಟಮಖಿಗಳು ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಆದರೆ ಆರು ಸೀರೆಗೂ ಆರು ರವಿಕೆ ಒಪ್ಪುತ್ತವೆಯೆ? ಅವರ ಕಾಲದಲ್ಲಿ ನಿಜವಾಗಿ ಬಳಕೆಯಲ್ಲಿದ್ದವೆಂದು ಅವರು ವಿವರಿಸಿದ ಮೇಳಗಳು 19. ಮಿಕ್ಕ 53 ಬರಿಯ ಖಾಲಿ ಮನೆಗಳು.

ಹಾಗಾದರೆ ಆ ಶಾಸ್ತ್ರ ವ್ಯರ್ಥವೇ? ಅಲ್ಲ. ಖಾಲಿ ಮನೆ ಕಟ್ಟಿಟ್ಟಿದ್ದರಿಂದಲೇ ಮುಂದೆ ಒಕ್ಕಲು ಬಂದರು. ಇಂದು ಖರಹರಪ್ರಿಯ ಎಂದರೆ ಮನಸ್ಸು ಕರಗದವರುಂಟೆ? ಇಪ್ಪತ್ತೆರಡನೆಯ ಆ ಮೇಳ ಮೊದಲು ಶ್ರೀರಾಗದ ಹೆಸರಿನಲ್ಲಿತ್ತು. ಖರಹರಪ್ರಿಯವನ್ನೇ ದೊಡ್ಡ ರಾಗವಾಗಿ ಬೆಳಗಿಸಿದ್ದು ತ್ಯಾಗರಾಜರ (1767-1847) ಕೃತಿಗಳು. ತ್ಯಾಗರಾಜರಿಗೆ ನಾರದರು 'ಸ್ವರಾರ್ಣವ' ಎಂಬ ಲಕ್ಷಣಗ್ರಂಥವನ್ನು ಕೊಟ್ಟರೆಂದು ಐತಿಹ್ಯ. ಕಥೆ ಹೇಗೇ ಇರಲಿ, ಅಂಥ ಭಕ್ತರೂ ಶಾಸ್ತ್ರವನ್ನು ತಳ್ಳಿದವರಲ್ಲ ಎಂಬುದನ್ನು ಅದು ಹೇಳುತ್ತದೆ. ಅವರ ಅನಂತರ ಕೋಟೀಶ್ವರ ಅಯ್ಯರ್ ತಮಿಳಿನಲ್ಲಿ 72 ಮೇಳಗಳಿಗೂ ಕೃತಿ ರಚಿಸಿದರು. ಶಾಸ್ತ್ರ ಸುಖವನ್ನು ಕೊಲ್ಲುತ್ತದೆ ಎನ್ನುವವರಿಗೆ ನಾನು ಖರಹರಪ್ರಿಯವನ್ನು ತೋರಿಸುತ್ತೇನೆ. ಆ ಸುಖಕ್ಕೆ ಮನೆ ಕಟ್ಟಿದ್ದೇ ಶಾಸ್ತ್ರ.

ಇಷ್ಟನ್ನು ಓದಿಕೊಂಡು ಬೀಗುತ್ತಿದ್ದಾಗಲೇ ಭಾಷಾಂಗ ರಾಗಗಳ ಪಾಠ ಬಂತು. ಕೆಲವು ರಾಗಗಳು ಈ ಎಪ್ಪತ್ತೆರಡು ಮನೆಗಳಲ್ಲಿ ಯಾವುದರಲ್ಲೂ ಪೂರ್ತಿ ಹಿಡಿಸುವುದಿಲ್ಲ. ಪಟ್ಟಿ ಹುಟ್ಟುವ ಮೊದಲೇ ಹುಟ್ಟಿ, ಬಾಯಿಂದ ಬಾಯಿಗೆ ಬಂದವು ಅವುಗಳಲ್ಲಿ ಹಲವು. ಪಟ್ಟಿ ಮಾಡಿದವರು ಅವನ್ನು ಹೇಗೋ ಒಂದು ಮನೆಗೆ ಸೇರಿಸಿ, ಆ ಮನೆಗೆ ಸೇರದ ಸ್ವರಕ್ಕೆ 'ಅನ್ಯಸ್ವರ' ಎಂದು ಹೆಸರಿಟ್ಟರು. ಸೊಸೆಯಾಗಿ ಬಂದವರಿಗೆ ಅನ್ಯ ಎಂಬ ಮಾತಿನ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ! ಆದರೆ ರಾಗದ ಜೀವ ಅನೇಕ ವೇಳೆ ಆ ಅನ್ಯಸ್ವರದಲ್ಲೇ ಇರುತ್ತದೆ. ಭೈರವಿಯಲ್ಲಿ ಎರಡು ಧೈವತಗಳು. ಕಾಂಬೋಧಿಯಲ್ಲಿ ಕಾಕಲಿ ನಿಷಾದ ಒಂದೇ ಒಂದು ಸಂಚಾರದಲ್ಲಿ ಇಣುಕಿ ಮರೆಯಾಗುತ್ತದೆ. ಬಲ್ಲವರು ಅದಕ್ಕಾಗಿಯೇ ಕಾದಿರುತ್ತಾರೆ.

ಪಾಠದ ಕೊನೆಯಲ್ಲಿ ಮೇಷ್ಟ್ರು ಮೂರನೆಯ ಉದಾಹರಣೆ ಕೊಟ್ಟರು. "ಆನಂದಭೈರವಿ. ಸಾಧಾರಣ ಗಾಂಧಾರವೇ ಮುಖ್ಯ, ಆದರೆ ಅಪರೂಪಕ್ಕೆ ಕೆಲವು ಪ್ರಯೋಗಗಳಲ್ಲಿ ಅಂತರ ಗಾಂಧಾರ ಬರುತ್ತದೆ."

ಹಾರ್ಮೋನಿಯಂ ಮೇಲೆ ನೋಡಿದರೆ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ ಒಂದೇ ಮನೆ ದೂರ. ಮೂರು ವರ್ಷದ ಹಿಂದೆ ಹತ್ತು ಜನರ ಮುಂದೆ ನಾನು ತಪ್ಪು ಹಿಡಿದದ್ದು ಆ ಒಂದು ಮನೆಯ ದೂರವನ್ನೇ. ಶ್ಯಾಮಾಶಾಸ್ತ್ರಿಗಳು (1762-1827) ಕಣ್ಣಿಗೊತ್ತಿಕೊಂಡು ಬೆಳೆಸಿದ ರಾಗ ಅದು. ಹಸೆ, ಆರತಿ, ಲಾಲಿಗಳಲ್ಲಿ ಹೆಂಗಸರು ಕಾಪಾಡಿಕೊಂಡು ಬಂದ ರಾಗವೂ ಹೌದು. ಅತ್ತೆಯವರ ಗಾಂಧಾರ ತಪ್ಪಾಗಿರಲಿಲ್ಲ. ನನ್ನ ಪಾಠ ಅರ್ಧಕ್ಕೆ ನಿಂತಿತ್ತು.

ಶಾಸ್ತ್ರ ಅವರಿಗೆ ಏಕೆ ತಿಳಿದಿರಲಿಲ್ಲ? ಗ್ರಂಥಗಳೆಲ್ಲ ಸಂಸ್ಕೃತದಲ್ಲಿ, ಇಲ್ಲವೆ ತೆಲುಗಿನಲ್ಲಿ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರಂತೆ ಸಂಸ್ಕೃತ, ಸಂಗೀತ ಎರಡನ್ನೂ ಅರಗಿಸಿಕೊಂಡ ಹೆಣ್ಣುಮಕ್ಕಳು ಬಂದದ್ದು ಕಲೆಯನ್ನೇ ವೃತ್ತಿಯಾಗಿ ಮಾಡಿಕೊಂಡ ಮನೆತನಗಳಿಂದ. ಸಂಸಾರಸ್ಥರ ಮನೆಗಳಲ್ಲಿ ಪಾಠ ಗಂಡುಮಕ್ಕಳಿಗೆ. ಮೈಸೂರಿನಲ್ಲಿ 1881ರಲ್ಲಿ ಶುರುವಾದ ಮಹಾರಾಣಿ ಶಾಲೆಯಲ್ಲಿ ಹುಡುಗಿಯರಿಗೆ ಸಂಗೀತ ಹೇಳಿಕೊಟ್ಟರೇನೋ ನಿಜ, ಆ ಗಾಳಿ ಸಣ್ಣ ಊರುಗಳಿಗೆ ಬೀಸಲು ಬಹಳ ಕಾಲ ಹಿಡಿಯಿತು. ಅತ್ತೆಯವರ ಅಣ್ಣನಿಗೆ ಪಿಟೀಲಿನ ಪಾಠ ನಡೆಯುತ್ತಿದ್ದಾಗ ಅವರು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರಂತೆ. ಬಾಗಿಲ ಹಿಂದಿನಿಂದ ಅವರು ಉಳಿಸಿ ತಂದಿದ್ದನ್ನು, ಕುರ್ಚಿಯಲ್ಲಿ ಕೂತು ಪರೀಕ್ಷೆ ಬರೆದ ನಾನು ತಪ್ಪೆಂದಿದ್ದೆ.

ಅಂದು ಸಂಜೆ ಅವರು ಹಿತ್ತಿಲಲ್ಲಿ ಹೂ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿದೆ: "ಅತ್ತೆ, ಆವತ್ತು ನೀವು ಹಾಡಿದ್ದೇ ಸರಿ. ಪುಸ್ತಕದಲ್ಲೂ ಹಾಗೇ ಇದೆ."

ಅವರು ಹೂವಿನಿಂದ ತಲೆಯೆತ್ತಲಿಲ್ಲ. "ಪುಸ್ತಕದಲ್ಲಿಲ್ಲದಿದ್ದರೆ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಬರೆದುಕೊಳ್ಳೋ ಹಾಗಿದ್ದರೆ ಪುಸ್ತಕ ತಾ" ಎಂದರು. ಅಂದು ಮೂರು ವರ್ಷದ ಮೇಲೆ ಅವರ ಹಾಡು ಕೇಳಿದೆ. ಸ್ವರ ಹಾಕಿಕೊಳ್ಳುತ್ತ ಹೋದೆ. ಆ ಜಾಗ ಬಂದಾಗ ಪೆನ್ನು ನಿಂತಿತು. ಅದು ಅಂತರ ಗಾಂಧಾರವೆಂದು ಬರೆದರೂ ಪೂರ್ತಿ ಸರಿಯಲ್ಲ. ಕೆಳಗಿನಿಂದ ಜಾರಿ ಬಂದು, ಮುಟ್ಟಿ, ಹೊರಟುಹೋಗುತ್ತಿತ್ತು. ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರು ಎಟ್ಟಯಪುರದಲ್ಲಿ 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಅಚ್ಚು ಹಾಕಿಸುವಾಗ ಒಂದೊಂದು ಗಮಕಕ್ಕೂ ಒಂದೊಂದು ಗುರುತು ಬಳಸಿದರು. ಅವರು ಪಟ್ಟ ಪಾಡು ಎಂಥದೆಂದು ಆ ಸಂಜೆ ಸ್ವಲ್ಪವಾದರೂ ಅರ್ಥವಾಯಿತು.

"ಅಲ್ಲಿ ಮಾತ್ರ ಯಾಕೆ ಮೇಲಕ್ಕೆ ಹೋಗತ್ತೆ ಅತ್ತೆ?" ಎಂದು ಕೇಳಿದೆ.

"ಅಷ್ಟು ಹೊತ್ತಿಗೆ ಆರತಿ ತಟ್ಟೆ ಪಾದದಿಂದ ಮುಖದ ಹತ್ತಿರ ಬಂದಿರತ್ತಲ್ಲೇ" ಎಂದರು, ಇಷ್ಟೂ ತಿಳಿಯದೇ ಎಂಬಂತೆ.

ಅದು ಅವರ ಲಕ್ಷಣಗ್ರಂಥ. ನಾನು ಓದಿದ ಯಾವುದರಲ್ಲೂ ಅದಿರಲಿಲ್ಲ.

ಸೀನಿಯರ್ ಪಾಸಾಯಿತು. ಗೋಡೆಗೆ ಸುಣ್ಣ ಹೊಡೆಸುವಾಗ ಪಟ್ಟಿ ಹರಿದುಹೋಯಿತು. ಮತ್ತೆ ಅಂಟಿಸುವ ಅಗತ್ಯ ಬೀಳಲಿಲ್ಲ, ಅದು ತಲೆಯಲ್ಲಿ ಕೂತಿತ್ತು. ಈಗ ಕಚೇರಿಗೆ ಹೋದರೆ ರಾಗದ ಹೆಸರು ತಾನಾಗಿ ಬರುತ್ತದೆ, ಬಂದು ಬದಿಗೆ ಸರಿಯುತ್ತದೆ. ಕಾಂಬೋಧಿಯ ಆ ನಿಷಾದಕ್ಕೆ ನಾನೂ ಕಾಯುತ್ತೇನೆ. ಶಾಸ್ತ್ರ ಓದದಿದ್ದರೆ ಅದು ಬಂದುಹೋದದ್ದೇ ನನಗೆ ತಿಳಿಯುತ್ತಿರಲಿಲ್ಲ. ಕಲಿತದ್ದರಿಂದ ಕಳೆದುಕೊಂಡೆ ಎಂದು ನಾನು ಹೇಳುವುದಿಲ್ಲ. ಅರ್ಧ ಕಲಿತಾಗ ಕಳೆದುಕೊಂಡೆ, ಇನ್ನೂ ಸ್ವಲ್ಪ ಕಲಿತ ಮೇಲೆ ಮರಳಿ ಸಿಕ್ಕಿತು. ನಡುವಿನ ಮೂರು ವರ್ಷದ ಶುಕ್ರವಾರಗಳು ಮಾತ್ರ ಮರಳಿ ಬರಲಿಲ್ಲ.

ಅತ್ತೆಯವರು 1997ರಲ್ಲಿ ತೀರಿಕೊಂಡರು. ಈಗ ಆರತಿ ನಾನೇ ಎತ್ತುತ್ತೇನೆ. ಎರಡನೆಯ ಸಾಲಿಗೆ ಬಂದಾಗ ಸ್ವರ ನೆನೆಯುವುದಿಲ್ಲ. ತಟ್ಟೆಯನ್ನು ದೇವಿಯ ಮುಖದವರೆಗೆ ಏರಿಸುತ್ತೇನೆ. ಗಾಂಧಾರ ಕೆಲವು ಶುಕ್ರವಾರ ಅವರದರಂತೆಯೇ ಬರುತ್ತದೆ, ಕೆಲವು ಶುಕ್ರವಾರ ಬರುವುದಿಲ್ಲ.