ಅಪ್ಪನ ಮನೆಯ ಬಿಡಾರ

ಧಾರವಾಡದಲ್ಲಿ ನಮ್ಮ ಓಣಿಯ ಹಿರಿಯರೊಬ್ಬರಿಗೆ ಮಣ್ಣು ಕೊಟ್ಟು ಹೊರಬರುತ್ತಿದ್ದೆವು. ಬಾಸೆಲ್ ಮಿಷನ್ ಕಾಲದಲ್ಲೇ ಸಭೆಗೆ ಸೇರಿದ ಮನೆತನ ಅವರದು. ಸಭಾಪಾಲಕರು ಯೋಹಾನನ ಸುವಾರ್ತೆಯ 14ನೇ ಅಧ್ಯಾಯ ಓದಿದ್ದರು. ಸಾವಿನ ಹೊತ್ತಿನಲ್ಲಿ ಹೆಚ್ಚಾಗಿ ಓದುವುದು ಅದನ್ನೇ. ತನ್ನ ತಂದೆಯ ಮನೆಯಲ್ಲಿ ಜಾಗಕ್ಕೆ ಕೊರತೆಯಿಲ್ಲ, ಅದನ್ನು ಅಣಿಮಾಡಲೆಂದೇ ಮುಂದೆ ಹೋಗುತ್ತಿದ್ದೇನೆ ಎಂದು ಯೇಸು ಶಿಷ್ಯರಿಗೆ ಧೈರ್ಯ ಹೇಳುವ ಭಾಗ. ಆ ಜಾಗಕ್ಕೆ ಹಳೆಯ ಕನ್ನಡ ಬೈಬಲ್ಲಾದ ಸತ್ಯವೇದ ಇಟ್ಟ ಹೆಸರು 'ಬಿಡಾರ'.

ತೀರಿಕೊಂಡವರ ಮೊಮ್ಮಗ, ಎಂಟೊಂಬತ್ತು ವರ್ಷದವನು, ನನ್ನ ಕೈ ಜಗ್ಗಿದ. "ಕಾಕಾ, ಬಿಡಾರ ಅಂದ್ರ ಬಾಡಿಗಿ ಮನಿ ಅಲ್ಲೇನ್ರಿ? ಅಜ್ಜ ಅಲ್ಲೂ ಬಾಡಿಗಿ ಮನ್ಯಾಗ ಇರ್ತಾನೇನು?"

ಅವನ ತಾಯಿ "ಸುಮ್ನಿರೋ" ಎಂದು ಗದರಿದರು. ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಹುಡುಗ ಕೇಳಿದ್ದು ಸರಿಯಾಗಿತ್ತು. ನಿಘಂಟು ತೆಗೆದರೆ ಬಿಡಾರವೆಂದರೆ ಇಳಿದುಕೊಳ್ಳುವ ತಾಣ, ತಾತ್ಕಾಲಿಕ ವಸತಿ. ನಾವು ಬಿಡಾರ ಹೂಡುತ್ತೇವೆ, ಬಿಡಾರ ಕೀಳುತ್ತೇವೆ. ಎಂದೆಂದಿಗೂ ಇರುವ ಮನೆಗೆ ಇಂಥ ಕಿತ್ತುಹೋಗುವ ಹೆಸರೇಕೆ? ಅನುವಾದಕರು ಎಡವಿದರೇ?

ಬೇರಿನಿಂದ ನೋಡೋಣ. ಬಿಡಾರವೂ ಬೀಡೂ ಹುಟ್ಟಿದ್ದು 'ಬಿಡು' ಎಂಬ ಧಾತುವಿನಿಂದ. ದಿನವಿಡೀ ನಡೆದ ಚಕ್ಕಡಿ ಸಂಜೆಗೆ ನಿಂತಾಗ ಮೊದಲ ಕೆಲಸ ನೊಗದಿಂದ ಎತ್ತು ಬಿಡುವುದು. ಎತ್ತು ಬಿಟ್ಟಲ್ಲಿ ಹೊರೆ ಇಳಿಯುತ್ತದೆ, ಒಲೆ ಹೊತ್ತುತ್ತದೆ. ಹೀಗೆ 'ಬಿಟ್ಟ' ಜಾಗವೇ ಬೀಡು. ಬಿಡುವುದು ಎಂದರೆ ತೊರೆಯುವುದಷ್ಟೇ ಅಲ್ಲ, ಬಿಗಿದದ್ದನ್ನು ಸಡಿಲಿಸುವುದೂ ಹೌದು. ಈ ಎರಡನೆಯ ಅರ್ಥವನ್ನು ಮರೆತರೆ ಬಿಡಾರ ಬರೀ ಬಾಡಿಗೆ ಮನೆಯಾಗಿ ಕಾಣುತ್ತದೆ.

ಬೀಡು ಬಹುಕಾಲ ಬಯಲಿನಲ್ಲೇ ಉಳಿಯಲಿಲ್ಲ. ದಂಡು ಇಳಿದ ಜಾಗ ಅರಸನ ನೆಲೆಯಾಯಿತು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ರಾಜಧಾನಿಗೆ 'ನೆಲೆವೀಡು' ಎಂಬ ಮಾತಿದೆ. ನೆಲೆ ಎಂದರೆ ಕದಲದ್ದು, ಬೀಡು ಎಂದರೆ ಇಳಿದುಕೊಂಡದ್ದು. ಎರಡನ್ನೂ ಒಂದೇ ಸಮಾಸದಲ್ಲಿ ಕೂಡಿಸಲು ಆ ಕಾಲದ ಕನ್ನಡಿಗರಿಗೆ ಸಂಕೋಚವಾಗಲಿಲ್ಲ. ಇದೇ ಧಾರವಾಡ ಜಿಲ್ಲೆಯ ಅಣ್ಣಿಗೇರಿ ಚಾಲುಕ್ಯರ ಕೊನೆಯ ಅರಸ ನಾಲ್ಕನೇ ಸೋಮೇಶ್ವರನಿಗೆ ಕೆಲಕಾಲ ರಾಜಧಾನಿಯಾಗಿತ್ತು. ಹೊಯ್ಸಳರ ದೋರಸಮುದ್ರ 1311ರಲ್ಲಿ ಮಲಿಕ್ ಕಾಫರನ ದಾಳಿಗೆ ಸಿಕ್ಕಿತು. ವೈಭವವೆಲ್ಲ ಇಳಿದ ಮೇಲೆ ಜನ ಅದನ್ನು ಕರೆದದ್ದು ಹಳೇಬೀಡು ಎಂದು. ತುಳುನಾಡಿನಲ್ಲಿ ಇಂದಿಗೂ ದೊಡ್ಡ ಮನೆತನಗಳ ಮನೆಗೆ ಬೀಡು ಎನ್ನುತ್ತಾರೆ. ಧರ್ಮಸ್ಥಳದ ಹೆಗ್ಗಡೆಯವರ ಮನೆ ಬೀಡೇ.

ನೆರೆಹೊರೆಯ ನುಡಿಗಳಲ್ಲೂ ಬಿಡಾರವಿದೆ. ತೆಲುಗಿನಲ್ಲಿ 'ಬಿಡಾರು' ಎಂದರೆ ಸರಕು ಹೊತ್ತು ಸಾಗುವ ಒಂಟೆ, ಎತ್ತುಗಳ ಸಾಲು. ಮರಾಠಿಯಲ್ಲಿ 'ಬಿಢಾರ' ಬೆನ್ನ ಮೇಲೆ ಹೊತ್ತು ತಿರುಗುವ ಸಂಸಾರ. ಭಾಲಚಂದ್ರ ನೇಮಾಡೆಯವರ 1975ರ ಕಾದಂಬರಿಗೆ ಅದೇ ಹೆಸರು. ನಮ್ಮ ಮದುವೆಗಳಲ್ಲಿ ಗಂಡಿನ ಕಡೆಯವರು ಇಳಿಯುವ 'ಬಿಡದಿ' ಇದೇ ಬಳ್ಳಿಯ ಕಾಯಿ. ಪತ್ರಿಕೆಗಳಲ್ಲಂತೂ ರಾಜಕಾರಣಿಗಳೂ ಕಾಡಾನೆಗಳೂ ಒಂದೇ ಕ್ರಿಯಾಪದದಲ್ಲಿ 'ಬೀಡುಬಿಡುತ್ತಾರೆ'.

ಇಂಥ ಶಬ್ದವನ್ನು ಪಾದ್ರಿಗಳು ಪರಲೋಕಕ್ಕೆ ಏರಿಸಿದರು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಮೊದಲ ಅನುವಾದಕ್ಕೆ ದುಡಿದವರು. ಬಾಸೆಲ್ ಮಿಷನ್ ಧಾರವಾಡದಲ್ಲಿ ನೆಲೆ ಊರಿದ್ದು 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ. ಅದರ ವೈಗ್ಲೆ, ಮೋಗ್ಲಿಂಗರು ಅನುವಾದವನ್ನು ತಿದ್ದುವ ಕೆಲಸಕ್ಕೆ ಕೈಹಾಕಿದರು. ಬಾಸೆಲ್ ಮಿಷನ್ನಿನ ಹೆಚ್ಚಿನವರ ತಾಯ್ನುಡಿ ಜರ್ಮನ್. ಅವರ ಲೂಥರ್ ಬೈಬಲಿನಲ್ಲಿ ಈ ಜಾಗದಲ್ಲಿರುವುದು 'ವೋನುಂಗೆನ್', ಅಂದರೆ ವಾಸದ ಮನೆಗಳು. ಇಂಗ್ಲಿಷಿನಲ್ಲಿ 1611ರ ಕಿಂಗ್ ಜೇಮ್ಸ್ ಬೈಬಲ್ 'ಮ್ಯಾನ್ಷನ್ಸ್' ಎಂದಿತು. ಓದಿದವರ ಕಣ್ಣಿಗೆ ಕಂಬ, ಕಮಾನುಗಳ ಬಂಗಲೆಯೇ ಬಂದು ನಿಲ್ಲುತ್ತದೆ. ಹೊಸ ಇಂಗ್ಲಿಷ್ ಅನುವಾದಗಳು ಅದನ್ನು 'ರೂಮು'ಗಳಿಗೆ ಇಳಿಸಿವೆ.

ಮೂಲದ ಗ್ರೀಕ್ ಶಬ್ದ 'ಮೊನೆ'. 'ಮೆನೊ' ಎಂದರೆ ತಂಗು, ಉಳಿ; ತಂಗಿದ ಜಾಗ ಮೊನೆ. ಅದನ್ನು ಲ್ಯಾಟಿನ್ನಿಗೆ ತಂದವರು 'ಮಾನ್ಸಿಯೊ' ಎಂದರು. ರೋಮನ್ನರ ಹೆದ್ದಾರಿಗಳಲ್ಲಿ ಪಯಣಿಗರು ರಾತ್ರಿ ಇಳಿದು ಕುದುರೆ ಬಿಚ್ಚುತ್ತಿದ್ದ ತಂಗುಮನೆಗೆ ಇದ್ದ ಹೆಸರೂ ಅದೇ. ಇಂಗ್ಲಿಷಿನ ಮ್ಯಾನ್ಷನ್, ಫ್ರೆಂಚರ 'ಮೇಸೋನ್' ಎರಡೂ ಅದರ ಮಕ್ಕಳು. ದಾರಿಯ ಛತ್ರ ಬಂಗಲೆಯಾದದ್ದು ಆಮೇಲಿನ ಕತೆ, ನಮ್ಮಲ್ಲಿ ದಂಡಿನ ಬೀಡು ರಾಜಧಾನಿಯಾದ ಹಾಗೆ. 3ನೇ ಶತಮಾನದ ಓರಿಜೆನ್ ಎಂಬ ದೈವಶಾಸ್ತ್ರಜ್ಞ ಈ ಬಿಡಾರಗಳನ್ನು ಆತ್ಮ ಮೇಲೇರುವ ದಾರಿಯ ಹಂತಗಳೆಂದೇ ಓದಿದ್ದ. ಅಂದಮೇಲೆ ಇಂಗ್ಲಿಷ್ ಬಂಗಲೆಗಿಂತ ಕನ್ನಡದ ಬಿಡಾರ ಮೂಲಕ್ಕೆ ಹತ್ತಿರ ನಿಂತಿದೆ.

ಸ್ವರ್ಗ ಎಂಬ ಸಿದ್ಧ ಶಬ್ದವಿತ್ತಲ್ಲ ಎಂದು ಕೇಳಬಹುದು. ನಮ್ಮ ಪುರಾಣಗಳ ಸ್ವರ್ಗದಲ್ಲಿ ಪುಣ್ಯ ಕರಗುವವರೆಗೆ ಮಾತ್ರ ವಾಸ. ಗಂಟು ಮುಗಿದರೆ ಮರಳಿ ಮರ್ತ್ಯಕ್ಕೆ. ನಿಜವಾದ ಬಾಡಿಗೆ ಮನೆ ಅದೇ. ಹಳೆಯ ಸತ್ಯವೇದ 'ಪರಲೋಕ'ವನ್ನು ಆರಿಸಿಕೊಂಡಿತು. ಮೋಕ್ಷ, ಮುಕ್ತಿಗಳ ಬದಲು 'ರಕ್ಷಣೆ'ಯನ್ನು ಹೆಚ್ಚಾಗಿ ಬಳಸಿತು. ಜೊತೆಗೆ ಇನ್ನೊಂದು ಅಚ್ಚಗನ್ನಡ ಮಾತನ್ನೂ ತಂದಿತು: ಬಿಡುಗಡೆ. ಸೆರೆಯವರಿಗೆ ಬಿಡುಗಡೆ, ಪಾಪದಿಂದ ಬಿಡುಗಡೆ.

ಬಿಡುಗಡೆ, ಬಿಡಾರ. ಎರಡಕ್ಕೂ ಬೇರು ಒಂದೇ. ರಕ್ಷಣೆ ಮತ್ತು ರಕ್ಷಣೆ ಹೊಂದಿದವನ ಮನೆ, ಈ ಎರಡೂ ಕನ್ನಡದಲ್ಲಿ ಒಂದೇ ಹೊಟ್ಟೆಯಲ್ಲಿ ಹುಟ್ಟಿವೆ. ತಮಿಳು ಇನ್ನೊಂದು ಹೆಜ್ಜೆ ಮುಂದಿದೆ. ನಮ್ಮ ಬೀಡು ಅಲ್ಲಿ 'ವೀಡು'. ಅದಕ್ಕೆ ಮನೆ ಎಂದೂ ಅರ್ಥ, ಮೋಕ್ಷ ಎಂದೂ ಅರ್ಥ. ನಾಲ್ಕು ಪುರುಷಾರ್ಥಗಳಲ್ಲಿ ಕೊನೆಯದಕ್ಕೆ ತಮಿಳರು ಇಟ್ಟ ಹೆಸರು ಅದೇ. ಸಂಸ್ಕೃತದ ಮೋಕ್ಷ, ಮುಕ್ತಿಗಳ ಬೇರಾದ 'ಮುಚ್' ಧಾತುವಿಗೂ ಬಿಡುವುದು ಎಂಬುದೇ ಅರ್ಥ; ಆದರೆ ಅದರಿಂದ ಮನೆಯ ಹೆಸರು ಹುಟ್ಟಲಿಲ್ಲ. ದ್ರಾವಿಡ ಬೇರು ಮಾತ್ರ ಕಟ್ಟು ಬಿಚ್ಚಿದ ಮೇಲೆ ಎಲ್ಲಿಗೆ ಹೋಗುವುದೆಂಬುದನ್ನೂ ಯೋಚಿಸಿದೆ.

ಅದು ಯೋಚಿಸಬೇಕಾದದ್ದೇ. ಹುಬ್ಬಳ್ಳಿ-ಧಾರವಾಡದ ಯಾವ ರಸ್ತೆಯಲ್ಲಿ ಹೋದರೂ ನಡುದಾರಿಯಲ್ಲಿ ಮಲಗಿದ ದನ ಕಾಣುತ್ತವೆ. ಅವುಗಳ ಕೊರಳಿಗೆ ಹಗ್ಗವಿಲ್ಲ, ಮುಂದೆ ಗೋದಲಿಯೂ ಇಲ್ಲ. ಅವನ್ನು ನಾವು ಕರೆಯುವುದು 'ಬಿಡಾಡಿ ದನ' ಎಂದು. ಅದೂ ಇದೇ ಬೇರಿನ ಶಬ್ದ. ಬಿಡುಗಡೆ ಸಿಕ್ಕು ಬಿಡಾರ ಸಿಗದಿದ್ದರೆ ಆಗುವುದು ಬಿಡಾಡಿ. ಸುವಾರ್ತೆಯಲ್ಲಿ ಯೇಸು ಶಿಷ್ಯರಿಗೆ ಬರೀ ಬಿಡುಗಡೆಯ ಮಾತು ಕೊಟ್ಟು ಸುಮ್ಮನಾಗದೆ, ಮುಂದೆ ಹೋಗಿ ಜಾಗ ಅಣಿಮಾಡುತ್ತೇನೆ ಎಂದದ್ದು ಇದಕ್ಕೇ ಇರಬೇಕು.

ಬಿಡಾರ ಹೂಡಿ ಕೀಳುವುದು ಇಲ್ಲಿನವರಿಗೆ ಹೊಸದಲ್ಲ. ಹುಬ್ಬಳ್ಳಿ ರೈಲ್ವೆಯವರ ಊರು. 19ನೇ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯೊಡನೆ ಶುರುವಾದ ನಂಟು ಅದು; 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಇಲ್ಲಿದೆ. ಇಲ್ಲಿನ ಸಭೆಗಳಲ್ಲಿ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು ಬೇಕಾದಷ್ಟು ಜನ. ಕ್ವಾರ್ಟರ್ಸಿಗೆ ಬಿಳಿ ಬಣ್ಣ ಬಳಿದು, ಹಿತ್ತಲಲ್ಲಿ ಕರಿಬೇವು ನೆಟ್ಟು, ರಿಟೈರ್ ಆದಮೇಲೆ ಬೀಗದ ಕೈ ಒಪ್ಪಿಸಿ ಹೊರಬಂದವರಿಗೆ ಅಪೊಸ್ತಲ ಪೌಲನ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಡೇರೆ ಹೊಲಿಯುವ ಕಸಬಿನವನಾದ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ದೇಹವನ್ನು ಡೇರೆಗೆ ಹೋಲಿಸಿದ. ಕನ್ನಡದಲ್ಲಿ ಅದು 'ಗುಡಾರ'ವಾಗಿದೆ. ಗುಡಾರ ಕಿತ್ತುಹೋಗುತ್ತದೆ, ಬಿಡಾರ ಅಣಿಯಾಗುತ್ತದೆ. ಪ್ರಾಸ ಗ್ರೀಕಿನಲ್ಲಿಲ್ಲ, ಕನ್ನಡ ಕೊಟ್ಟದ್ದು.

ಹುಡುಗನಿಗೆ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಮನೆಗೆ ಬಂದು ಆ ವಾಕ್ಯವನ್ನು ಮತ್ತೆ ಓದಿದೆ. ಅದರಲ್ಲಿ ವಸತಿಯ ಶಬ್ದ ಒಂದಲ್ಲ, ಎರಡು. ಮನೆ ಒಂದು, ಅದು ತಂದೆಯದು. ಬಿಡಾರ ಹಲವು, ಅವು ಬಂದವರವು. ಕದಲದಿರುವುದು ಮನೆ, ದಣಿದು ಬಂದವನು ಹೊರೆ ಇಳಿಸುವ ಜಾಗ ಬಿಡಾರ. ನೆಲೆಯೂ ಬೀಡೂ ಒಂದೇ ಸಾಲಿನಲ್ಲಿ ಕೂಡಿವೆ, ಶಾಸನದ ನೆಲೆವೀಡಿನಲ್ಲಿ ಕೂಡಿದಂತೆಯೇ. ಅನುವಾದಕರು ಎಡವಿರಲಿಲ್ಲ.

ಮೂರನೆಯ ದಿನ ಅವರ ಮನೆಗೆ ಹೋದಾಗ ಹುಡುಗ ಅಂಗಳದಲ್ಲಿದ್ದ. ಕರೆದು ಹೇಳಿದೆ: "ಬಿಡಾರ ಖರೇನ. ಆದ್ರ ಮನಿ ಯಾರದು? ಅಪ್ಪಂದು. ನೀ ನಿಮ್ಮಪ್ಪನ ಮನ್ಯಾಗ ಬಾಡಿಗಿ ಕೊಡ್ತಿ ಏನು?"

ಇಲ್ಲ ಎಂದು ತಲೆಯಾಡಿಸಿ ಆಡಲು ಓಡಿದ.