ಒಲೆ ಆರಿದ ಮೇಲೆ: ವಿಲೇಪಾರ್ಲೆಯ ಬಿಸ್ಕತ್ತು ಕಾರ್ಖಾನೆ ಮತ್ತು ಥಾಣೆ ಪಟ್ಟಿಯ ಬೇಕರಿಗಳು

2016ರ ಜುಲೈಯಲ್ಲಿ ವಿಲೇಪಾರ್ಲೆಯ ಪಾರ್ಲೆ ಕಾರ್ಖಾನೆ ಮುಚ್ಚಿದ ಸುದ್ದಿ ಬಂದಾಗ ಎಲ್ಲರೂ ನೆನೆದದ್ದು ಒಂದನ್ನೇ: ಲೋಕಲ್ ರೈಲು ಸ್ಟೇಶನ್ ಸಮೀಪಿಸುತ್ತಿದ್ದಂತೆ ಮೂಗಿಗೆ ಬರುತ್ತಿದ್ದ ಬಿಸಿ ಬಿಸ್ಕತ್ತಿನ ಪರಿಮಳ. ನೆನಪಿಗೆ ಅಷ್ಟು ಸಾಕು, ಚರಿತ್ರೆಗೆ ಸಾಲದು. ಬಿಸ್ಕತ್ತಿಗೆ ಗಿರಾಕಿಗಳಿದ್ದೂ ಅದು ಹುಟ್ಟಿದ ಕಟ್ಟಡ ಯಾಕೆ ಬೇಡವಾಯಿತು? ಉತ್ತರ ಹುಡುಕಲು ಪಾರ್ಲೆಯ ಗೇಟಿನ ಮುಂದೆ ನಿಂತರೆ ಆಗದು. ಥಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೂ ತಿರುಗಿ ನೋಡಬೇಕು.

ಗುಜರಾತಿನ ವಲ್ಸಾಡ್ ಸೀಮೆಯಿಂದ ಬಂದ ಮೋಹನಲಾಲ್ ದಯಾಳ್ ಚೌಹಾಣ್ ಬಟ್ಟೆಯ ಕಸುಬಿನವರು. ಸ್ವದೇಶಿ ಚಳವಳಿಯ ಕಾವಿನಲ್ಲಿ ಮಿಠಾಯಿಯ ಕಡೆ ಹೊರಳಿ, ಜರ್ಮನಿಗೆ ಹೋಗಿ ಕೆಲಸ ಕಲಿತು, ಯಂತ್ರಗಳನ್ನು ತಂದರು. 1929ರಲ್ಲಿ ಇರ್ಲಾ ಮತ್ತು ಪಾರ್ಲಾ ಎಂಬ ಹಳ್ಳಿಗಳ ನಡುವೆ ಕಾರ್ಖಾನೆ ಎದ್ದಿತು. ಮೊದಲ ಕೆಲಸಗಾರರು ಹನ್ನೆರಡು ಮಂದಿ, ಬಹುತೇಕ ಮನೆಯವರೇ. ಊರಿನ ಹೆಸರೇ ಕಂಪನಿಯ ಹೆಸರಾಯಿತು. ಶುರುವಾದದ್ದು ಮಿಠಾಯಿಯಿಂದ. ಬಿಸ್ಕತ್ತು ಬಂದದ್ದು ಹತ್ತು ವರ್ಷಗಳ ನಂತರ, ಯುದ್ಧದ ಹೊಸ್ತಿಲಲ್ಲಿ. ಇಂಗ್ಲಿಷರ ಚಹಾದ ಜೊತೆಗಿನ ತಿನಿಸಾಗಿದ್ದ ಬಿಸ್ಕತ್ತನ್ನು ಗ್ಲೂಕೋ ಹೆಸರಿನಲ್ಲಿ ಬಡವನ ಚಹಾಕ್ಕೆ ತಂದದ್ದು ಈ ಕಾರ್ಖಾನೆ. ಯುದ್ಧಕಾಲದಲ್ಲಿ ಅದು ಸೈನ್ಯಕ್ಕೂ ಬಿಸ್ಕತ್ತು ಕಳಿಸಿತು. ದೇಶ ಇಬ್ಭಾಗವಾಗಿ ಗೋಧಿಗೆ ತತ್ವಾರ ಬಂದಾಗ ಬಾರ್ಲಿಯ ಬಿಸ್ಕತ್ತಿನಿಂದ ಕಾಲ ತಳ್ಳಿತು.

ಇಂಥ ಕಟ್ಟಡದ ಆಕಾರವನ್ನು ನಿರ್ಧರಿಸುವುದು ಯಂತ್ರಸಾಲು. ಕಲಸಿದ ಹಿಟ್ಟು ಹಾಳೆಯಾಗಿ ಹರಡಿ, ಅಚ್ಚಿನಡಿ ಕತ್ತರಿಸಿಕೊಂಡು, ಉಕ್ಕಿನ ಪಟ್ಟಿಯ ಮೇಲೆ ಸಾಗುತ್ತಲೇ ಸುರಂಗದಂಥ ಒಲೆಯೊಳಗೆ ಬೇಯುತ್ತದೆ. ಒಲೆಯಿಂದ ಹೊರಬಂದ ಬಿಸ್ಕತ್ತನ್ನು ಕೂಡಲೇ ಕಟ್ಟಿದರೆ ಒಳಗೇ ಬಿರುಕು ಬಿಡುತ್ತದೆ. ಹಾಗಾಗಿ ಒಲೆಯ ಉದ್ದದ ಒಂದೂವರೆ, ಎರಡು ಪಟ್ಟು ದೂರ ಅದು ಗಾಳಿಯಲ್ಲಿ ಸಾಗಿ ಆರಬೇಕು. ಬಿಸ್ಕತ್ತು ಕಾರ್ಖಾನೆಗೆ ಬೇಕಾದದ್ದು ಎತ್ತರವಲ್ಲ, ಉದ್ದ, ಎಂದರೆ ನೆಲ. 1929ರಲ್ಲಿ ಹಳ್ಳಿಯ ಅಂಚಿನಲ್ಲಿ ಸುಲಭವಾಗಿದ್ದ ನೆಲ, ವಿಮಾನ ನಿಲ್ದಾಣ ಮತ್ತು ಹೆದ್ದಾರಿ ಬೆಳೆದ ಮೇಲೆ ಬಿಸ್ಕತ್ತು ದುಡಿದು ತೀರಿಸಲಾರದಷ್ಟು ದುಬಾರಿಯಾಯಿತು.

ಮುಚ್ಚುವಾಗ ಕಂಪನಿ ಕೊಟ್ಟ ಕಾರಣ, ಉತ್ಪಾದನೆ ಲಾಭಕರವಲ್ಲದಷ್ಟು ಇಳಿದಿದೆ ಎಂಬುದು. ಸುಮಾರು 300 ಮಂದಿ ಸ್ವಯಂನಿವೃತ್ತಿ ತೆಗೆದುಕೊಂಡರು. ಆದರೆ ಇಳಿದದ್ದು ಆ ಒಂದು ಕಟ್ಟಡದ ಉತ್ಪಾದನೆ ಮಾತ್ರ. 2011ರಲ್ಲಿ ನೀಲ್ಸನ್ ಸಂಸ್ಥೆ ಪಾರ್ಲೆ-ಜಿಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಗುವ ಬಿಸ್ಕತ್ತೆಂದು ಗುರುತಿಸಿತ್ತು. ಕೆಲಸವೆಲ್ಲ ಹರಿಯಾಣದ ಬಹಾದೂರ್‌ಗಢ, ರಾಜಸ್ಥಾನದ ನೀಮ್‌ರಾಣಾ, ನಮ್ಮ ಬೆಂಗಳೂರು ಮತ್ತಿತರ ಕಡೆಯ ಘಟಕಗಳಿಗೆ ಹಂಚಿಹೋಗಿತ್ತು. 2003ರಲ್ಲಿ ಉತ್ತರಾಖಂಡಕ್ಕೆ ಸಿಕ್ಕ ಅಬಕಾರಿ ಸುಂಕದ ವಿನಾಯಿತಿ ಬಿಸ್ಕತ್ತು ಉದ್ಯಮವನ್ನು ಇನ್ನಷ್ಟು ದೂರ ಎಳೆಯಿತು. ಬ್ರಿಟಾನಿಯಾ ರುದ್ರಪುರಕ್ಕೆ ಹೋದದ್ದು ಆ ಕಾಲದಲ್ಲೇ. ತಿಂಗಳುಗಟ್ಟಲೆ ಕೆಡದ ಸರಕಿಗೆ ಯಾವ ಊರಾದರೇನು?

ಲಂಡನ್ನಿನ ಬರ್ಮಂಡ್ಸಿಯಲ್ಲಿ ಪೀಕ್ ಫ್ರೀನ್ ಕಾರ್ಖಾನೆಗೂ ಇದೇ ಗತಿಯಾಯಿತು. ಸುತ್ತಲಿನ ಜನ ಅದನ್ನು ಬಿಸ್ಕತ್ತಿನ ಊರೆಂದೇ ಕರೆಯುತ್ತಿದ್ದರು. 1989ರಲ್ಲಿ ಮುಚ್ಚಿದ ಆ ಕಟ್ಟಡದಲ್ಲಿ ಮುಂದೆ ಕಚೇರಿಗಳು ಬಂದವು, ಸಣ್ಣದೊಂದು ವಸ್ತುಸಂಗ್ರಹಾಲಯವೂ ತೆರೆಯಿತು. 1892ರಲ್ಲಿ 295 ರೂಪಾಯಿ ಬಂಡವಾಳದಿಂದ ಕಲ್ಕತ್ತೆಯಲ್ಲಿ ಹುಟ್ಟಿ, ಮುಂದೆ ಇದೇ ಪೀಕ್ ಫ್ರೀನ್‌ನ ನಂಟು ಪಡೆದ ಬ್ರಿಟಾನಿಯಾ, 1947ರ ತನ್ನ ತಾರಾತಲಾ ಕಾರ್ಖಾನೆಯನ್ನು 2024ರ ಜೂನಿನಲ್ಲಿ ನಿಲ್ಲಿಸಿತು.

ಬ್ರೆಡ್ಡಿನ ಲೆಕ್ಕ ಬೇರೆ. ನಾಲ್ಕೈದು ದಿನಕ್ಕೆ ಬೂಷ್ಟು ಹಿಡಿಯುವ ವಸ್ತು ದೂರ ಸಾಗದು. ಆದ್ದರಿಂದಲೇ 1965ರಲ್ಲಿ ಕೇಂದ್ರ ಸರ್ಕಾರ ಮಾಡರ್ನ್ ಬೇಕರೀಸ್ ಕಟ್ಟಿದಾಗ ಒಂದು ದೊಡ್ಡ ಕಾರ್ಖಾನೆ ಮಾಡದೆ, ಊರೂರಿಗೆ ಘಟಕ ತೆರೆಯಿತು. ಜನರ ಪೌಷ್ಟಿಕತೆಯ ಚಿಂತೆಯೂ ಅದರಲ್ಲಿತ್ತು; ಬ್ರೆಡ್ಡಿಗೆ ವಿಟಮಿನ್, ಲೈಸಿನ್ ಬೆರೆಸಿದ ಕಾಲ ಅದು. 2000ದ ಜನವರಿಯಲ್ಲಿ ಸರ್ಕಾರ ಶೇ. 74 ಪಾಲನ್ನು 105.45 ಕೋಟಿ ರೂಪಾಯಿಗೆ ಹಿಂದೂಸ್ತಾನ್ ಲೀವರ್‌ಗೆ ಕೊಟ್ಟಿತು. ಆಡಳಿತವನ್ನೇ ಖಾಸಗಿಯವರಿಗೆ ಬಿಟ್ಟುಕೊಟ್ಟ ಮೊದಲ ಮಾರಾಟವದು. ಇನ್ನೊಂದೆಡೆ, ಸಣ್ಣ ಕೈಗಾರಿಕೆಗಳಿಗೆ ಮೀಸಲಾದ ವಸ್ತುಗಳ ಪಟ್ಟಿಯಲ್ಲಿ ಉಪ್ಪಿನಕಾಯಿ, ಬಳೆ, ಊದುಬತ್ತಿಗಳ ಜೊತೆ ಬ್ರೆಡ್ 2015ರ ಏಪ್ರಿಲ್ ತನಕ ಉಳಿದಿತ್ತು.

ಬಿಸ್ಕತ್ತಿನ ಮತ್ತು ಬ್ರೆಡ್ಡಿನ ಈ ಎರಡು ಲೆಕ್ಕಗಳನ್ನೂ ಪಕ್ಕಪಕ್ಕ ನೋಡಲು ಥಾಣೆ ಪಟ್ಟಿ ತಕ್ಕ ಜಾಗ. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಥಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿ, ಥಾಣೆ-ಬೇಲಾಪುರ ದಾರಿಗಳಲ್ಲಿ ಕೈಗಾರಿಕೆಗಳಿಗೆ ಪ್ಲಾಟು ಹಂಚಿತು. ಮುಂಬಯಿಯ ನೆಲ ದುಬಾರಿಯಾದಾಗ ಕಾರ್ಖಾನೆಗಳು ಇತ್ತ ಬಂದವು. ಇಲ್ಲಿನ ನೆಲವೂ ದುಬಾರಿಯಾದಾಗ ಇಲ್ಲಿಂದಲೂ ಎದ್ದವು. ಥಾಣೆಯಲ್ಲಿ ರೇಮಂಡ್ ಉಣ್ಣೆ ಗಿರಣಿಯ ನೆಲದ ಮೇಲೆ ಇಂದು ವಸತಿ ಗೋಪುರಗಳಿವೆ. ಆದರೆ ಆ ಗೋಪುರಗಳ ಬುಡದ ಬೀದಿಗಳಲ್ಲಿ, ಡೊಂಬಿವಲಿ ಸ್ಟೇಶನ್ ರಸ್ತೆಗಳಲ್ಲಿ, ನವಿ ಮುಂಬಯಿಯ ಸೆಕ್ಟರುಗಳಲ್ಲಿ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಬೋರ್ಡು ಕಾಣುತ್ತದೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಸೋದರರು ಬಿ.ಬಿ. ಬೇಕರಿ ಹಾಕಿದಂದಿನಿಂದ ಬೆಳೆದು ಬಂದ ಪರಂಪರೆ ಇದು. ಬೋರ್ಡಿನಲ್ಲಿ ಅಯ್ಯಂಗಾರ್ ಇದ್ದರೂ ಒಲೆಯ ಮುಂದೆ ನಿಂತವರು ಹೆಚ್ಚಾಗಿ ಹಾಸನ ಸೀಮೆಯ ನಾನಾ ಜಾತಿಯ ಹುಡುಗರು. ಖಾರ ಬನ್ನು, ವೆಜ್ ಪಫ್ಸ್, ಹನಿ ಕೇಕು: ಬೆಳಿಗ್ಗೆ ಬೇಯಿಸಿದ್ದು ರಾತ್ರಿಗೆ ಖಾಲಿ. ಉದ್ದದ ಶೆಡ್ಡು ಬೇಡ, ಒಂದು ಮಳಿಗೆ ಸಾಕು.

ಹಾಗೆಂದು ಸಣ್ಣ ಒಲೆಗಳು ಕ್ಷೇಮವಾಗಿವೆ ಎನ್ನಲಾಗದು. 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ನಗರದ ಬೇಕರಿಗಳ ಸೌದೆ ಮತ್ತು ಕಲ್ಲಿದ್ದಲ ಒಲೆಗಳನ್ನು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಹೊಗೆರಹಿತ ಇಂಧನಕ್ಕೋ ಬದಲಿಸಲು ಹೇಳಿತು. ಪಾವ್ ಸುಡುವ ಇರಾನಿ, ಗೋವಾ ಮೂಲದ ಹಳೆಯ ಭಟ್ಟಿಗಳಿಗೆ ಇದು ದೊಡ್ಡ ಖರ್ಚು.

ದೊಡ್ಡ ಕಂಪನಿ ತನ್ನ ಕಥೆಯನ್ನು ತಾನೇ ಬರೆಸಿಕೊಳ್ಳುತ್ತದೆ. ಅಂಗಡಿ ಬೇಕರಿಯವರು ಒಲೆ ತೆಗೆಯುವ ದಿನ ಲೆಕ್ಕದ ಪುಸ್ತಕವನ್ನೂ ರದ್ದಿಗೆ ಹಾಕುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬೇಕರಿ ನಡೆಸಿದ ಕನ್ನಡ ಮನೆಗಳಲ್ಲಿ ಹಳೆಯ ಲೈಸೆನ್ಸು, ಮೈದಾ ಚೀಲದ ರಶೀದಿ, ಭಟ್ಟಿಯ ಮುಂದೆ ನಿಂತ ಒಂದು ಫೋಟೋ ಇದ್ದರೆ ದಯವಿಟ್ಟು ತೆಗೆದಿಡಿ.