ಕಿತ್ತಳೆ ಹಣ್ಣಿಗೆ ಸುಂಕ: 1898ರ ಅಮೆರಿಕ ಮತ್ತು ಅದರ ದ್ವೀಪಗಳು

ಇವತ್ತಿನ ಮಾತು ಕಿತ್ತಳೆ ಹಣ್ಣಿನಿಂದ ಶುರು.

1900ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ನ್ಯೂಯಾರ್ಕ್ ಬಂದರಿಗೆ ಒಂದು ಲೋಡ್ ಕಿತ್ತಳೆ ಬಂತು. ಬಂದರಿನವರು 659 ಡಾಲರ್ ಚಿಲ್ಲರೆ ಸುಂಕ ಕಟ್ಟಿ ಅಂದರು. ವ್ಯಾಪಾರಿ ಕಟ್ಟಿದ, ಕಟ್ಟಿ ಕೋರ್ಟಿಗೆ ಹೋದ. ಅವನ ವಾದ ಸರಳ. ಪೋರ್ಟೊ ರಿಕೊ ಈಗ ಅಮೆರಿಕದ್ದೇ ನೆಲ ತಾನೇ? ದೇಶದೊಳಗೆಲ್ಲ ಸುಂಕ ಒಂದೇ ಥರ ಇರಬೇಕು ಅಂತ ಸಂವಿಧಾನ ಹೇಳುತ್ತೆ. ಹಾಗಾದ್ರೆ ನಮ್ಮದೇ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತಂದ ಹಣ್ಣಿಗೆ ಎಂಥ ಸುಂಕ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರದಲ್ಲಿ ಅಮೆರಿಕನ್ ಸಾಮ್ರಾಜ್ಯದ ಇಡೀ ಸ್ವಭಾವ ಇದೆ ಅನ್ನೋದು ನನ್ನ ಅಭಿಪ್ರಾಯ. ಉತ್ತರಕ್ಕೆ ಹೋಗೋ ಮುಂಚೆ, ಆ ದ್ವೀಪ ಅವರ ಕೈಗೆ ಬಂದದ್ದು ಹೇಗೆ ಅಂತ ನೋಡೋಣ.

ನಾವು ಶಾಲೆಯಲ್ಲಿ ಓದಿದ ಕಾರಣಗಳು ತಪ್ಪೇನಲ್ಲ. 1890ರ ಜನಗಣತಿ, ಪಶ್ಚಿಮಕ್ಕೆ ಹೋಗಿ ಹಿಡಿಯೋದಕ್ಕೆ ಇನ್ನು ಖಾಲಿ ಗಡಿ ಅಂತ ಉಳಿದಿಲ್ಲ ಅಂದಿತು. (ಖಾಲಿ ಅನ್ನೋದು ಅವರ ಲೆಕ್ಕ. ಅಲ್ಲಿ ಮೊದಲಿಂದ ಇದ್ದ ಜನರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತಿತ್ತು.) 1893ರಲ್ಲಿ ದೊಡ್ಡ ಆರ್ಥಿಕ ಕುಸಿತ. ಕಾರ್ಖಾನೆಗಳು ಮಾಡಿದ್ದನ್ನು ಕೊಳ್ಳೋಕೆ ಹೊರಗಿನ ಮಾರುಕಟ್ಟೆ ಬೇಕು, ಎಲ್ಲರ ಕಣ್ಣೂ ಚೀನಾ ಮೇಲೆ. ಅಷ್ಟು ದೂರ ಹೋಗೋ ಹಡಗಿಗೆ ದಾರಿಯಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳೋಕೆ ಜಾಗ ಬೇಕು. ನೌಕಾಪಡೆಯ ಆಲ್ಫ್ರೆಡ್ ಮಹಾನ್ 1890ರ ತನ್ನ ಪುಸ್ತಕದಲ್ಲಿ ಸಮುದ್ರ ಆಳಿದವರೇ ದೊಡ್ಡವರಾದರು ಅಂತ ವಾದಿಸಿದ್ದ, ಥಿಯೋಡರ್ ರೂಸ್‌ವೆಲ್ಟ್‌ನಂಥವರು ಅದನ್ನು ಮನಸ್ಸಿಟ್ಟು ಓದಿದ್ದರು.

ಇಷ್ಟೆಲ್ಲ ಒಣ ಸೌದೆ ಇದ್ದಾಗ ಕಿಡಿ ಬಿತ್ತು. 1898ರ ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ 'ಮೇನ್' ಅನ್ನೋ ಯುದ್ಧನೌಕೆ ಸ್ಫೋಟವಾಗಿ 260ಕ್ಕೂ ಹೆಚ್ಚು ಜನ ಸತ್ತರು. ಸ್ಪೇನ್‌ನದ್ದೇ ಕೆಲಸ ಅಂತ ಪತ್ರಿಕೆಗಳು ಕೂಗಿದವು. 1976ರಲ್ಲಿ ಅಡ್ಮಿರಲ್ ರಿಕೋವರ್ ತಂಡ ಮತ್ತೆ ಪರಿಶೀಲಿಸಿ, ಹಡಗಿನ ಒಳಗಿನ ಕಲ್ಲಿದ್ದಲಿಗೆ ಬೆಂಕಿ ಹತ್ತಿರೋ ಸಾಧ್ಯತೆಯೇ ಜಾಸ್ತಿ ಅಂದಿತು. ಅಷ್ಟರಲ್ಲಿ ಎಪ್ಪತ್ತೆಂಟು ವರ್ಷ ಕಳೆದಿತ್ತು.

ಯುದ್ಧ ಘೋಷಿಸುವಾಗ ಅಮೆರಿಕದ ಸಂಸತ್ತು, ಕ್ಯೂಬಾವನ್ನು ನಾವು ಇಟ್ಟುಕೊಳ್ಳೋದಿಲ್ಲ ಅಂತ ಬರೆದುಕೊಟ್ಟಿತು. ಫಿಲಿಪ್ಪೀನ್ಸ್ ಬಗ್ಗೆ ಅಂಥ ಮಾತು ಯಾರೂ ಕೊಟ್ಟಿರಲಿಲ್ಲ. ಮೇ 1ರಂದು ಕಮೊಡೋರ್ ಡ್ಯೂಯಿ ಮನಿಲಾ ಕೊಲ್ಲಿಯಲ್ಲಿ ಸ್ಪೇನ್‌ನ ಹಡಗುಗಳನ್ನು ಒಂದೇ ಬೆಳಿಗ್ಗೆಯಲ್ಲಿ ಮುಗಿಸಿಬಿಟ್ಟ. ಹಾಂಗ್‌ಕಾಂಗ್‌ನಲ್ಲಿ ಗಡೀಪಾರಾಗಿದ್ದ ಎಮಿಲಿಯೊ ಅಗಿನಾಲ್ಡೊನನ್ನು ಅಮೆರಿಕದ ಹಡಗೇ ವಾಪಸ್ ಕರೆತಂತು. ಜೂನ್ 12ರಂದು ಅವನು ಫಿಲಿಪ್ಪೀನ್ಸ್ ಸ್ವತಂತ್ರ ಅಂತ ಘೋಷಿಸಿದ. ಮನಿಲಾವನ್ನು ಸುತ್ತುವರಿದು ನಿಂತಿದ್ದೂ ಅವನ ಸೈನಿಕರೇ. ಆದರೆ ಆಗಸ್ಟ್ 13ರಂದು ಸ್ಪೇನಿನವರೂ ಅಮೆರಿಕದವರೂ ಮೊದಲೇ ಮಾತಾಡಿಕೊಂಡು ಒಂದು ನಾಟಕದ ಕಾಳಗ ಆಡಿದರು. ನಗರ ಅಮೆರಿಕದ ಕೈಗೆ ಬಂತು, ಫಿಲಿಪಿನೋಗಳು ಹೊರಗೇ ಉಳಿದರು. ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಸ್ಪೇನ್ ಪೋರ್ಟೊ ರಿಕೊ, ಗುವಾಮ್ ಬಿಟ್ಟುಕೊಟ್ಟಿತು, 2 ಕೋಟಿ ಡಾಲರ್ ತಗೊಂಡು ಫಿಲಿಪ್ಪೀನ್ಸ್ ಕೊಟ್ಟಿತು. ಅಗಿನಾಲ್ಡೊ ಕಳಿಸಿದ ಪ್ರತಿನಿಧಿ ಫೆಲಿಪೆ ಅಗೊನ್ಸಿಯೊಗೆ ಆ ಮಾತುಕತೆಯಲ್ಲಿ ಜಾಗವೇ ಇರಲಿಲ್ಲ.

ಈ ಒಪ್ಪಂದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕಿತ್ತು. 1899ರ ಫೆಬ್ರವರಿ 6ರಂದು 57-27ರಲ್ಲಿ ಪಾಸಾಯ್ತು. ಬೇಕಾದ್ದಕ್ಕಿಂತ ಒಂದೇ ಒಂದು ಮತ ಜಾಸ್ತಿ! ವಿರೋಧಿಸಿದವರಲ್ಲಿ ಮಾರ್ಕ್ ಟ್ವೈನ್‌ನಂಥವರಿಗಿಂತ ಬೇರೆ ಥರದ ಜನವೂ ಇದ್ದರು. ಇದೇ ತಿಂಗಳು ಕಿಪ್ಲಿಂಗ್ ಬಿಳಿಯನ ಹೊರೆಯ ಬಗ್ಗೆ ಬರೆದ ಪದ್ಯ ಅಮೆರಿಕದಲ್ಲಿ ಪ್ರಕಟವಾಯ್ತು. ಹೌದು, ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆವರಣದಲ್ಲಿ ಹುಟ್ಟಿದ ಅದೇ ಕಿಪ್ಲಿಂಗ್. ಆ ಪದ್ಯ ಭಾರತದ ಬಗ್ಗೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ, ಅದು ಫಿಲಿಪ್ಪೀನ್ಸ್ ಬಗ್ಗೆ. ದಕ್ಷಿಣ ಕೆರೊಲಿನಾದ ಸೆನೆಟರ್ ಟಿಲ್‌ಮನ್ ಅದನ್ನು ಸೆನೆಟ್‌ನಲ್ಲಿ ಓದಿದ. ಬೆಂಬಲಿಸೋಕಲ್ಲ, ವಿರೋಧಿಸೋಕೆ. ತನ್ನ ರಾಜ್ಯದ ಕಪ್ಪು ಜನರ ಮತದಾನ ಕಿತ್ತುಕೊಂಡಿದ್ದ ಮನುಷ್ಯ ಅವನು. ಇಷ್ಟೊಂದು ಬಿಳಿಯರಲ್ಲದ ಜನರನ್ನು ನಮ್ಮೊಳಗೆ ಯಾಕೆ ತರ್ತೀರಿ ಅನ್ನೋದು ಅವನ ಚಿಂತೆ.

ಗಮನಿಸಿ: ಒಬ್ಬರಿಗೆ ನೆಲ ಬೇಕು, ಇನ್ನೊಬ್ಬರಿಗೆ ಜನ ಬೇಡ. ಇಬ್ಬರಿಗೂ ಒಪ್ಪಿಗೆಯಾಗೋ ಉತ್ತರವನ್ನು ಕೋರ್ಟ್ ಹುಡುಕಿತು. 1901ರಲ್ಲಿ 5-4ರ ತೀರ್ಪು: ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ. ಅಲ್ಲಿ ಸಂವಿಧಾನ ಪೂರ್ತಿಯಾಗಿ ತಾನಾಗೇ ಅನ್ವಯಿಸೋದಿಲ್ಲ, ಸುಂಕ ಹಾಕಬಹುದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಪ್ಯಾಚ್. ಡಿಸೈನ್‌ನಲ್ಲಿರೋ ವಿರೋಧಾಭಾಸ ಸರಿ ಮಾಡದೆ, ಅದನ್ನು ದಾಟೋಕೆ ಹೊಸದೊಂದು ಕೆಟಗರಿ ಸೃಷ್ಟಿಸೋದು.

ಆ ಹೊತ್ತಿಗೆ ಫಿಲಿಪ್ಪೀನ್ಸ್‌ನಲ್ಲಿ ಏನಾಗ್ತಿತ್ತು? ಒಪ್ಪಂದಕ್ಕೆ ಮತ ಬೀಳೋದಕ್ಕೆ ಎರಡು ದಿನ ಮುಂಚೆಯೇ ಮನಿಲಾ ಹೊರಗೆ ಗುಂಡು ಹಾರಿತ್ತು. ಸ್ಪೇನ್ ವಿರುದ್ಧದ ಯುದ್ಧ ಕೆಲವೇ ತಿಂಗಳದ್ದು, ಇದು ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಕ್ಯೂಬಾದಲ್ಲಿ ಸ್ಪೇನಿನವರು ಹಳ್ಳಿಗರನ್ನು ಶಿಬಿರಗಳಿಗೆ ತಳ್ಳಿದ್ದು ಕ್ರೌರ್ಯ ಅಂತಲೇ ಅಮೆರಿಕದ ಜನ ಸಿಟ್ಟಾಗಿದ್ದರು. ಈಗ ಬತಾಂಗಾಸ್ ಪ್ರಾಂತದಲ್ಲಿ ಜನರಲ್ ಬೆಲ್ ಅದೇ ಕೆಲಸ ಮಾಡಿದ. ಸಮಾರ್ ದ್ವೀಪದ ಬಲಾಂಗಿಗಾದಲ್ಲಿ 1901ರ ಸೆಪ್ಟೆಂಬರ್‌ನಲ್ಲಿ ಹಳ್ಳಿಯವರು ದಾಳಿ ಮಾಡಿ 48 ಅಮೆರಿಕನ್ ಸೈನಿಕರನ್ನು ಕೊಂದರು. ಅದಕ್ಕೆ ಪ್ರತಿಯಾಗಿ ಜನರಲ್ ಸ್ಮಿತ್, ಹತ್ತು ವರ್ಷ ಮೇಲ್ಪಟ್ಟವರನ್ನೆಲ್ಲ ಕೊಲ್ಲಿ ಅಂತ ಆದೇಶ ಕೊಟ್ಟ. ಅವನ ವಿಚಾರಣೆಯೂ ಆಯ್ತು. ಶಿಕ್ಷೆ? ಛೀಮಾರಿ, ನಿವೃತ್ತಿ. ಆ ಊರಿನ ಚರ್ಚ್ ಗಂಟೆಗಳನ್ನು ಸೈನಿಕರು ಹೊತ್ತೊಯ್ದರು, ಅವು ವಾಪಸ್ ಬಂದದ್ದು 2018ರಲ್ಲಿ. ಒಟ್ಟು ಯುದ್ಧದಲ್ಲಿ 4,200ಕ್ಕೂ ಹೆಚ್ಚು ಅಮೆರಿಕನ್ನರು, ಸುಮಾರು 20,000 ಫಿಲಿಪಿನೋ ಹೋರಾಟಗಾರರು ಸತ್ತರು. ಹಿಂಸೆ, ಹಸಿವು, ರೋಗದಿಂದ ಸತ್ತ ಸಾಮಾನ್ಯ ಜನ 2 ಲಕ್ಷದವರೆಗೆ ಅನ್ನೋದು ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗದ್ದೇ ಅಂದಾಜು.

ಶಾಲೆಗಳೂ ಬಂದವು, ಅದನ್ನೂ ಹೇಳಬೇಕು. 1901ರಲ್ಲಿ 'ಥಾಮಸ್' ಅನ್ನೋ ಹಡಗಿನಲ್ಲಿ ಸುಮಾರು 500 ಶಿಕ್ಷಕರು ಬಂದಿಳಿದರು. ಇವತ್ತು ಮನಿಲಾದ ಕಾಲ್ ಸೆಂಟರ್‌ಗಳು ನಮ್ಮ ಬೆಂಗಳೂರು, ಪುಣೆ, ಹೈದರಾಬಾದಿನ ಜೊತೆ ಪೈಪೋಟಿ ಮಾಡೋದರ ಹಿಂದೆ ಆ ಇಂಗ್ಲಿಷೂ ಇದೆ. 1934ರ ಕಾನೂನು ಸ್ವಾತಂತ್ರ್ಯದ ದಾರಿ ತೆರೆಯಿತು. ಅದಕ್ಕೆ ಒತ್ತಾಯ ಮಾಡಿದವರಲ್ಲಿ ಫಿಲಿಪ್ಪೀನ್ಸ್ ಸಕ್ಕರೆಗೆ ಹೆದರಿದ ಅಮೆರಿಕದ ರೈತರೂ ಸೇರಿದ್ದರು. ಅದೇ ಕಾನೂನು ಫಿಲಿಪಿನೋಗಳ ವಲಸೆಯನ್ನು ವರ್ಷಕ್ಕೆ 50 ಜನಕ್ಕೆ ಇಳಿಸಿತು. 1946ರಲ್ಲಿ ಸ್ವಾತಂತ್ರ್ಯ ಬಂದರೂ ಸುಬಿಕ್ ಕೊಲ್ಲಿಯಿಂದ ಅಮೆರಿಕದ ನೌಕಾಪಡೆ ಹೋದದ್ದು 1992ರಲ್ಲಿ.

ಪೋರ್ಟೊ ರಿಕೊ ಮಾತ್ರ ಇನ್ನೂ ಅಲ್ಲೇ ಇದೆ. 1917ರಿಂದ ಅಲ್ಲಿನ ಜನ ಅಮೆರಿಕದ ಪ್ರಜೆಗಳು. ಆದರೆ ದ್ವೀಪದಲ್ಲಿ ವಾಸವಿದ್ದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ. ನ್ಯೂಯಾರ್ಕ್‌ನಲ್ಲಿ ಅಂಗವೈಕಲ್ಯ ಭತ್ಯೆ ಪಡೆಯುತ್ತಿದ್ದ ಒಬ್ಬರು ಅಲ್ಲಿಗೆ ವಾಸ ಬದಲಿಸಿದರು, ಭತ್ಯೆ ಬರುತ್ತಲೇ ಇತ್ತು. ಆ ಯೋಜನೆ ದ್ವೀಪದವರಿಗಿಲ್ಲ ಅಂತ ಸರ್ಕಾರ 28,000 ಡಾಲರ್‌ಗೂ ಹೆಚ್ಚು ಹಣ ವಾಪಸ್ ಕೇಳಿತು. 2022ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ, ದ್ವೀಪದವರನ್ನು ಹಾಗೆ ಹೊರಗಿಡೋದು ಸಂವಿಧಾನಕ್ಕೆ ವಿರುದ್ಧವಲ್ಲ ಅಂದಿತು. ನ್ಯಾಯಮೂರ್ತಿ ಗಾರ್ಸಚ್ ಆ ತೀರ್ಪನ್ನು ಒಪ್ಪಿದರೂ, 1901ರ ಆ ಹಳೇ ದ್ವೀಪ ತೀರ್ಪುಗಳಿಗೆ ಸಂವಿಧಾನದಲ್ಲಿ ಆಧಾರವೇ ಇಲ್ಲ, ಅವನ್ನು ರದ್ದು ಮಾಡಬೇಕು ಅಂತ ಪ್ರತ್ಯೇಕವಾಗಿ ಬರೆದರು. ವಿರುದ್ಧ ಮತ ಹಾಕಿದ ಒಬ್ಬರೇ ಒಬ್ಬರು ಸೋನಿಯಾ ಸೊಟೊಮೇಯರ್. ಅವರ ತಂದೆತಾಯಿ ಪೋರ್ಟೊ ರಿಕೊದವರು.